ನಲವತ್ತು ಗಂಟೆ ಎಲ್ಲಿ ಸೋರುತ್ತದೆ

ಬೆಳಿಗ್ಗೆ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಮಂಗಳೂರು ಎಕ್ಸ್‌ಪ್ರೆಸ್ ಹತ್ತುವವರ ನಡುವೆ ಕಾಲೇಜು ಉಪನ್ಯಾಸಕರನ್ನು ಗುರುತಿಸುವುದು ಕಷ್ಟವೇನಲ್ಲ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ದಾರಿ ಸುಮಾರು 60 ಕಿಲೋಮೀಟರ್. ಹೆದ್ದಾರಿಯಲ್ಲಿ ಎಲ್ಲೂ ಅಗೆದು ಹಾಕಿರದಿದ್ದರೆ ಒಂದೂವರೆ ಗಂಟೆ. ಹೋಗಿ ಬರಲು ಮೂರು ಗಂಟೆಯಾದರೆ ವಾರದ ಆರು ದಿನಕ್ಕೆ ಹದಿನೆಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಿಧಿಸಿರುವ ನೇರ ಪಾಠ ವಾರಕ್ಕೆ 16 ಗಂಟೆ. ಅಂದರೆ ಕ್ಲಾಸಿನಲ್ಲಿ ನಿಲ್ಲುವುದಕ್ಕಿಂತ ಎರಡು ಗಂಟೆ ಹೆಚ್ಚು ಬಸ್ಸಿನಲ್ಲೇ ಕೂತಿರುತ್ತಾರೆ.

ಅದೇ ನಿಯಮಾವಳಿಯ ಪ್ರಕಾರ ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿರಬಾರದು. ವರ್ಷಕ್ಕೆ 30 ವಾರ, 180 ಬೋಧನಾ ದಿನ. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ ನೇರ ಪಾಠ 14 ಗಂಟೆ. ಹದಿನಾರು ಕಳೆದರೆ ಇಪ್ಪತ್ತನಾಲ್ಕು ಉಳಿಯಿತು. ಪಾಠದ ತಯಾರಿ, ಉತ್ತರಪತ್ರಿಕೆ ತಿದ್ದುವುದು, ಮೆಂಟರಿಂಗ್, ಸಂಶೋಧನೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಎನ್ನೆಸ್ಸೆಸ್ ಶಿಬಿರ, ಕಾಲೇಜು ಡೇಯ ಶಾಮಿಯಾನ, ಎಲ್ಲವೂ ಇದರೊಳಗೇ ಹಿಡಿಯಬೇಕು. ಹಿಡಿಯುವುದಿಲ್ಲ ಎಂಬುದು ಸ್ಟಾಫ್ ರೂಮಿನ ಎಲ್ಲರಿಗೂ ಗೊತ್ತು. ಯಾವುದರಿಂದ ಎಷ್ಟು ಹಿಡಿಯುತ್ತಿಲ್ಲ ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ.

ಅಧ್ಯಾಪಕರ ಕ್ಷೇಮಕ್ಕಾಗಿ ಏನಾದರೂ ಮಾಡಬೇಕೆಂದು ಆಡಳಿತಕ್ಕೆ ಅನ್ನಿಸಿದಾಗ ಒಂದು ಯೋಗ ಶಿಬಿರವೋ ಒತ್ತಡ ನಿರ್ವಹಣೆಯ ಉಪನ್ಯಾಸವೋ ಏರ್ಪಾಡಾಗುತ್ತದೆ. ಅದೂ ಸಂಜೆ ಮೂರೂವರೆಗೆ, ‘ಹಾಜರಾತಿ ಕಡ್ಡಾಯ’ ಎಂಬ ಸುತ್ತೋಲೆಯ ಜೊತೆಗೆ. ಟೈಮ್‌ಟೇಬಲ್ ಇದ್ದ ಹಾಗೇ ಇರುತ್ತದೆ. ಮಾಡು ಸೋರುವಾಗ ಕೆಳಗೆ ಪಾತ್ರೆ ಇಡುವ ಕೆಲಸ ಇದು. ಯಾವ ಹಂಚು ಸರಿದಿದೆ ಎಂದು ಏಣಿ ಇಟ್ಟು ಹತ್ತಿ ನೋಡಬೇಕು.

ಮೊದಲು ಸರಿಯುವ ಹಂಚು ಪಾಠದ ತಯಾರಿ. ಮೊದಲ ಸಲ ಕಲಿಸುವ ಪತ್ರಿಕೆ, ಅಂದರೆ ಸೆಮಿಸ್ಟರಿನ ಒಂದು ವಿಷಯ, ಆದರೆ ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆ ತಯಾರಿ ಬೇಕೇ ಬೇಕು. ಮರುವರ್ಷ ಅದು ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಹದಿನಾರು ಗಂಟೆಯನ್ನು ವಾರಕ್ಕೆ ನಾಲ್ಕು ಗಂಟೆಯ ನಾಲ್ಕು ಪತ್ರಿಕೆ ಎಂದಿಟ್ಟುಕೊಳ್ಳಿ. ನಾಲ್ಕೂ ಹಳೆಯವಾದರೆ ತಯಾರಿಗೆ 12 ಗಂಟೆ. ಪಾಠವೂ ಸೇರಿ 28. ಒಂದು ಹೊಸದಾದರೆ ತಯಾರಿ 21ಕ್ಕೆ ಏರಿ ಒಟ್ಟು 37. ಎರಡು ಹೊಸದಾದರೆ ತಯಾರಿಯೇ 30, ಒಟ್ಟು 46. ಒಂದು ಉತ್ತರಪತ್ರಿಕೆಯನ್ನೂ ಮುಟ್ಟುವ ಮೊದಲೇ ನಲವತ್ತು ದಾಟಿತು. ಒಂದು ಸೆಮಿಸ್ಟರಿಗೆ ಒಂದೇ ಹೊಸ ಪತ್ರಿಕೆ ಎಂಬ ಬೇಡಿಕೆಯ ಹಿಂದೆ ಇರುವುದು ಸೋಮಾರಿತನವಲ್ಲ, ಈ ಕೂಡಿಸುವ ಲೆಕ್ಕ. ವಿಭಾಗದ ಮುಖ್ಯಸ್ಥರಿಗೆ ಇದನ್ನು ಸೆಮಿಸ್ಟರ್ ಶುರುವಾಗುವ ಎರಡು ವಾರ ಮೊದಲು, ಅಂಕಿ ಸಹಿತ, ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಟೈಮ್‌ಟೇಬಲ್ ಗೋಡೆಗೆ ಅಂಟಿದ ಮೇಲೆ ಹೇಳಿದ್ದು ಗೊಣಗಾಟದ ಲೆಕ್ಕಕ್ಕೆ ಹೋಗುತ್ತದೆ.

ಕರ್ನಾಟಕದಲ್ಲಿ ಪದವಿಯ ಪಠ್ಯಕ್ರಮ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ತಿರುಗಿತು. 2024-25ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಇಂಥ ತಿರುವುಗಳಲ್ಲಿ ಹಳೆಯ ಪತ್ರಿಕೆ ಎಂಬುದೇ ಇರುವುದಿಲ್ಲ, ಎಲ್ಲರಿಗೂ ಎಲ್ಲವೂ ಹೊಸತು. ಆಗ ಉಳಿದಿರುವ ದಾರಿ ಹಂಚಿಕೊಳ್ಳುವುದು. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಪುತ್ತೂರು, ಕಾರ್ಕಳ, ಕುಂದಾಪುರಗಳಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಅದೇ ಪತ್ರಿಕೆಯನ್ನು ಅದೇ ವಾರ ಇನ್ನೊಬ್ಬರು ಕಲಿಸುತ್ತಿರುತ್ತಾರೆ. ಮೊದಲ ಎರಡು ಘಟಕದ ಟಿಪ್ಪಣಿ ಒಬ್ಬರದು, ಮುಂದಿನ ಎರಡು ಇನ್ನೊಬ್ಬರದು. ಇದು ಕೆಡುವುದೂ ಒಂದೇ ರೀತಿಯಲ್ಲಿ: ಒಬ್ಬರು ಸ್ಲೈಡು ಮಾಡುತ್ತಾರೆ, ಇನ್ನೊಬ್ಬರು ಪುಸ್ತಕದ ಪುಟಗಳ ಫೋಟೋ ಕಳಿಸುತ್ತಾರೆ. ಹಾಗಾಗಿ ಒಂದು ಪಾಠಕ್ಕೆ ಏನೇನಿರಬೇಕೆಂದು ಮೊದಲೇ ನಿಗದಿ ಮಾಡಿ. ಎರಡು ಪುಟದ ಟಿಪ್ಪಣಿ, ಮೂರು ಉದಾಹರಣೆ, ಐದು ಪ್ರಶ್ನೆ ಸಾಕು.

ಕರಾವಳಿಯಲ್ಲಿ ಪಾಠದ ಯೋಜನೆ ಹಾಕುವವರು ಮಳೆಯ ರಜೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜುಲೈಯಲ್ಲಿ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ರಜೆ ಕೊಟ್ಟಾಗ ಮಕ್ಕಳಿಗೆ ಖುಷಿ. ಅದರ ಬಡ್ಡಿ ಕಟ್ಟುವುದು ಅಕ್ಟೋಬರಿನ ಶನಿವಾರ ಮಧ್ಯಾಹ್ನಗಳು. ಅರುವತ್ತು ಗಂಟೆಯ ಪತ್ರಿಕೆಯನ್ನು ಐವತ್ತನಾಲ್ಕಕ್ಕೇ ಮುಗಿಯುವಂತೆ ಹಂಚಿಕೊಂಡರೆ ಆರು ಗಂಟೆ ಕೈಯಲ್ಲಿರುತ್ತದೆ. ಮಳೆ ಬಾರದಿದ್ದರೆ ಅದು ಪುನರಾವರ್ತನೆಗೆ ಆಯಿತು.

ಇನ್ನು ಗಂಟಲು. ಉಪನ್ಯಾಸಕರ ಸಲಕರಣೆಗಳಲ್ಲಿ ಬದಲಿ ಸಿಗದ್ದು ಇದೊಂದೇ. ಪ್ರೊಜೆಕ್ಟರಿಗೆ ವಾರ್ಷಿಕ ನಿರ್ವಹಣೆಯ ಕರಾರು ಮಾಡುವ ಕಾಲೇಜುಗಳು ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮಾತನಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರದು ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಒಂದೇ ಟೈಮ್‌ಟೇಬಲ್ಲಿನಲ್ಲಿ ಮೇಡಂಗಳ ಗಂಟಲು ಮೊದಲು ಕಟ್ಟಲು ಇದೂ ಒಂದು ಕಾರಣ. ಜೊತೆಗೆ ಸುತ್ತ ಗದ್ದಲವಿದ್ದರೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಲೊಂಬಾರ್ಡ್ ಪರಿಣಾಮ ಎನ್ನುವುದು ಇದಕ್ಕೇ. ಶೀಟಿನ ಮಾಡಿನ ಮೇಲೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹೊಯ್ಯುತ್ತಿರುವಾಗ, ಮೇಲೆ ಆರು ಫ್ಯಾನು ತಿರುಗುತ್ತಿರುವಾಗ, ಎಪ್ಪತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸಲು ಹೊರಟವರು ಪಾಠದ ಹೆಸರಿನಲ್ಲಿ ಕೂಗುತ್ತಿರುತ್ತಾರೆ.

ಯಕ್ಷಗಾನದ ಮೇಳಗಳು ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ ನಿಜ, ಆದರೆ ಇಡೀ ರಾತ್ರಿ ಬಯಲಿನಲ್ಲಿ ಹಾಡುವ ಕೆಲಸದಿಂದ ಭಾಗವತರ ಗಂಟಲಿಗೆ ಬಿಡುವು ಸಿಗುತ್ತದೆ. ನಮ್ಮ ಕಾಲೇಜುಗಳ ಪಂಚಾಂಗ ತಿರುಗುಮುರುಗು. ಮಾತು ಅತ್ಯಂತ ಕಷ್ಟವಾಗುವ ತಿಂಗಳುಗಳಲ್ಲೇ ಹೊಸ ಬ್ಯಾಚು ಬಂದು ಕೂತಿರುತ್ತದೆ.

ಸೊಂಟಕ್ಕೆ ಕಟ್ಟಿಕೊಳ್ಳುವ ಸ್ಪೀಕರು, ಕೆನ್ನೆಯ ಹತ್ತಿರ ನಿಲ್ಲುವ ಮೈಕು ಇರುವ ಸಣ್ಣ ಸೆಟ್ಟು ಎರಡು-ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮೈಕು ಬಾಯಿಯ ಮುಂದೆ ಬೇಡ, ಬಾಯಿಯ ಮೂಲೆಯಿಂದ ಎರಡು ಬೆರಳು ದೂರವಿರಲಿ. ಇಲ್ಲದಿದ್ದರೆ ‘ಪ’, ‘ಬ’ ಬಂದಾಗೆಲ್ಲ ಗಾಳಿ ಬಡಿಯುತ್ತದೆ. ಸ್ಪೀಕರನ್ನು ಎದೆಗೆ ನೇತುಹಾಕಿಕೊಂಡರೆ ಕೀರಲು ಸದ್ದು ಬರುತ್ತದೆ, ಸೊಂಟಕ್ಕೆ ಇಳಿಸಿದರೆ ನಿಲ್ಲುತ್ತದೆ. ಮೊದಲ ವಾರ ಹುಡುಗರು ನಗುತ್ತಾರೆ. ಎರಡನೇ ವಾರ ಹಿಂದಿನ ಬೆಂಚಿನವರೂ ನೋಟ್ಸ್ ಬರೆಯುತ್ತಿರುತ್ತಾರೆ.

ಬೆಳಿಗ್ಗೆ ಮೊದಲ ಪಿರಿಯಡ್ಡಿಗೆ ಮುಂಚೆ ಗಂಟಲನ್ನು ಐದು ನಿಮಿಷ ಕಾಯಿಸಿಕೊಳ್ಳಬೇಕು. ಅರ್ಧ ಲೋಟ ನೀರಿನಲ್ಲಿ ಸ್ಟ್ರಾವನ್ನು ಎರಡು-ಮೂರು ಸೆಂಟಿಮೀಟರ್ ಮುಳುಗಿಸಿ, ಗುಳ್ಳೆ ಏಳುವ ಹಾಗೆ ‘ಊ’ ಎಂದು ದನಿ ಬಿಡುವುದು. ಮೊದಲು ಒಂದೇ ಶ್ರುತಿಯಲ್ಲಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿಸುತ್ತ. ಧ್ವನಿ ಚಿಕಿತ್ಸಕರು ಹೇಳಿಕೊಡುವ ಅಭ್ಯಾಸ ಇದು. ಕ್ಲಾಸಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಒಂದು ಗುಟುಕು ನೀರು ಕುಡಿಯಿರಿ. ಗಂಟಲು ಕೆರೆದಾಗ ಖ್ಖ ಖ್ಖ ಎಂದು ಕ್ಯಾಕರಿಸುವುದೇ ದೊಡ್ಡ ತಪ್ಪು, ತಂತುಗಳನ್ನು ಒಂದಕ್ಕೊಂದು ಹೊಡೆದ ಹಾಗೆ ಅದು. ನೀರು ನುಂಗಿ. ದನಿ ಕೆಟ್ಟ ದಿನ ಪಿಸುಮಾತಿನಲ್ಲಿ ಪಾಠ ಮಾಡುವುದರಿಂದಲೂ ಆಯಾಸ ಕಡಿಮೆಯಾಗುವುದಿಲ್ಲ. ಆ ದಿನ ಹುಡುಗರಿಂದ ಓದಿಸಿ, ಬೋರ್ಡಿನಲ್ಲಿ ಲೆಕ್ಕ ಬಿಡಿಸಲು ಹೇಳಿ. ಮೆಂಥಾಲ್ ಗುಳಿಗೆ ಚೀಪಿದರೆ ಗಂಟಲು ತಣ್ಣಗಾಯಿತು ಅನ್ನಿಸುತ್ತದೆ, ನೋವು ತಿಳಿಯದೆ ಇನ್ನಷ್ಟು ಮಾತಾಡುತ್ತೀರಿ. ರಾತ್ರಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗುವವರಿಗೆ ಹೊಟ್ಟೆಯ ಆಮ್ಲ ಮೇಲೇರಿ ಬೆಳಿಗ್ಗೆ ದನಿ ಒಡೆದಿರುತ್ತದೆ. ಊಟಕ್ಕೂ ನಿದ್ದೆಗೂ ಎರಡು-ಮೂರು ಗಂಟೆ ಅಂತರ ಬೇಕು. ಇನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇಂಜಿನ್ನಿನ ಸದ್ದು ಮೀರಿ ಫೋನಿನಲ್ಲಿ ಮಾತಾಡುವುದೆಂದರೆ ಸಂಬಳವಿಲ್ಲದ ಇನ್ನೊಂದು ಪಿರಿಯಡ್ಡು.

ಮೂರು ವಾರ ದಾಟಿದರೂ ದನಿ ತೆರೆಯದಿದ್ದರೆ ಕಷಾಯ ಸಾಕು ಮಾಡಿ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ ಕ್ಯಾಮೆರಾ ಹಾಕಿಸಿ ನೋಡಿಸಬೇಕು. ತಂತುಗಳ ಮೇಲೆ ಏಳುವ ಗಂಟುಗಳು ಶುರುವಿನಲ್ಲಿ ಮೆದುವಾಗಿರುತ್ತವೆ. ಶಸ್ತ್ರಚಿಕಿತ್ಸೆ ಇಲ್ಲದೆ ಧ್ವನಿ ಚಿಕಿತ್ಸೆಯಿಂದಲೇ ಹಲವು ಸಲ ಕರಗುತ್ತವೆ. ಈ ವಿಷಯದಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಪುಣ್ಯ ಮಾಡಿವೆ: ವಾಕ್ ಮತ್ತು ಶ್ರವಣ ಚಿಕಿತ್ಸೆ ಕಲಿಸುವ ವಿಭಾಗಗಳೇ ಮಣಿಪಾಲದಲ್ಲೂ ಮಂಗಳೂರಿನಲ್ಲೂ ಇವೆ. ಟೈಮ್‌ಟೇಬಲ್ ಹಾಕುವವರು ಮಾಡಬಹುದಾದ ಉಪಕಾರ ಒಂದೇ. ಯಾರಿಗೂ ಸಾಲಾಗಿ ಮೂರಕ್ಕಿಂತ ಹೆಚ್ಚು ಪಿರಿಯಡ್ಡು ಇಡಬಾರದು, ಎರಡೇ ಆದರೆ ಇನ್ನೂ ಒಳ್ಳೆಯದು.

ದೇಹದ ದಣಿವು ಒಂದಾದರೆ ಕೆಲಸವೇ ಬೇಡ ಅನ್ನಿಸುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಜಾಗವಿದೆ, ಆದರೆ ಕಾಯಿಲೆಯಾಗಿ ಅಲ್ಲ; ಕೆಲಸದ ಜಾಗದಲ್ಲಿ ಹತೋಟಿಗೆ ಬಾರದೆ ಉಳಿದ ಒತ್ತಡದ ಫಲವಾಗಿ. ಅದಕ್ಕೆ ಮೂರು ಮುಖ. ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಕಹಿ ಅಥವಾ ದೂರ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಸ್ಟಾಫ್ ರೂಮಿನಲ್ಲಿ ಎರಡನೆಯದನ್ನು ಹಾಸ್ಯ ಎಂದುಕೊಂಡು ನಾವೆಲ್ಲ ನಗುತ್ತೇವೆ. ‘ಈ ಬ್ಯಾಚಿಗೆ ಏನು ಹೇಳಿಯೂ ಉಪಯೋಗ ಇಲ್ಲ ಮಾರಾಯ್ರೆ’ ಎಂದು ವಾರಕ್ಕೊಮ್ಮೆ ಹೇಳಿದರೆ ಅದು ಸಹಜ. ದಿನಕ್ಕೆ ಮೂರು ಸಲ ಅಂದರೆ ಆ ಸಹೋದ್ಯೋಗಿಯ ಟೈಮ್‌ಟೇಬಲ್ ತೆಗೆದು ನೋಡಬೇಕು. ಹತ್ತು ದಿನದ ರಜೆಯಲ್ಲಿ ಮನಸ್ಸು ಹಗುರಾಗಿ, ಕಾಲೇಜು ತೆರೆದ ಎರಡನೇ ದಿನ ಮತ್ತೆ ಭಾರವಾದರೆ ಕಾರಣ ಕೆಲಸದಲ್ಲಿದೆ. ರಜೆಯಲ್ಲೂ ಏನೂ ರುಚಿಸದೆ, ಎರಡು ವಾರಕ್ಕೂ ಮೀರಿ ನಿದ್ದೆ ಹಸಿವು ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಲು ತಡ ಮಾಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮೆಂಟರ್ ಎಂದು ಹೆಸರು ಹಾಕಿಸಿಕೊಂಡವರ ಹೆಗಲಿಗೆ ಮಕ್ಕಳ ದುಃಖವೂ ಬಂದು ಬೀಳುತ್ತದೆ. ಅದಕ್ಕೊಂದು ಗಡಿ ಹಾಕಿಕೊಳ್ಳುವುದು ಕಲ್ಲುಮನಸ್ಸೇನಲ್ಲ. ವಾರದಲ್ಲಿ ಒಂದು ಗಂಟೆ ಇಂಥ ದಿನ, ಇಂಥ ಕೋಣೆ ಎಂದು ನಿಗದಿಪಡಿಸಿ. ಯಾರಿಗೂ ಹೇಳುವುದಿಲ್ಲ ಎಂಬ ಭಾಷೆ ಕೊಡಬೇಡಿ. ಜೀವಕ್ಕೆ ಅಪಾಯ ಎನ್ನಿಸುವ ಮಾತು ಬಂದರೆ ಹೇಳಲೇಬೇಕಾಗುತ್ತದೆ. ಅಂಥ ಮಾತು ಕೇಳಿದ ದಿನವೇ ಆಪ್ತಸಮಾಲೋಚಕರಿಗೆ ಮುಟ್ಟಿಸಿ, ಅಲ್ಲಿಯವರೆಗೆ ಆ ಹುಡುಗನನ್ನೋ ಹುಡುಗಿಯನ್ನೋ ಒಬ್ಬರೇ ಬಿಡಬೇಡಿ.

ತಿದ್ದುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅರುವತ್ತು ಉತ್ತರಪತ್ರಿಕೆ, ಒಂದೊಂದಕ್ಕೆ ಹನ್ನೆರಡು ನಿಮಿಷ ಎಂದರೆ ಹನ್ನೆರಡು ಗಂಟೆ. ಉತ್ತರದ ಕೀಲಿಯನ್ನು ಮೊದಲೇ ಬರೆದಿಟ್ಟು, ಒಬ್ಬೊಬ್ಬರ ಪತ್ರಿಕೆ ಪೂರ್ತಿ ಮುಗಿಸುವ ಬದಲು ಒಂದೇ ಪ್ರಶ್ನೆಯನ್ನು ಅರುವತ್ತರಲ್ಲೂ ತಿದ್ದುತ್ತ ಹೋದರೆ ಅದು ಎಂಟು ಗಂಟೆಗೆ ಇಳಿಯುತ್ತದೆ, ಅಂಕಗಳೂ ಒಂದೇ ಅಳತೆಯಲ್ಲಿ ಬೀಳುತ್ತವೆ. ಮುಗಿದ ಮೇಲೆ ಮೊದಲ ಐದನ್ನು ಇನ್ನೊಮ್ಮೆ ನೋಡಿ, ಬಿಗಿಯಾಗಿ ತಿದ್ದಿರುವುದು ಹೆಚ್ಚಾಗಿ ಅವನ್ನೇ. ಮೂರು ಕ್ಲಾಸಿನ ಇಂಟರ್ನಲ್ ಒಂದೇ ವಾರ ಇಟ್ಟುಕೊಳ್ಳಬೇಡಿ. ವಿಶ್ವವಿದ್ಯಾಲಯಗಳಿಗೆ ಅಂಕ ಮುಟ್ಟಿಸುವ ರಾಜ್ಯದ ಜಾಲತಾಣ ಯುಯುಸಿಎಂಎಸ್‌ಗೆ ಅಂಕ ಏರಿಸುವುದನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಬಸ್ಸಿನಲ್ಲಿ ತಿದ್ದಬೇಡಿ, ಪಡುಬಿದ್ರಿ ಬರುವಾಗ ತಲೆ ಸುತ್ತುತ್ತದೆ.

ಇಷ್ಟರ ನಡುವೆ ವೃತ್ತಿಯ ಬೆಳವಣಿಗೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಅಧ್ಯಾಪಕರಿಗೆ ತರಬೇತಿ ಕೊಡುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಮುಂದೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳು. ಹಿಂದೆ ಓರಿಯಂಟೇಶನ್ (ಹೊಸ ಅಧ್ಯಾಪಕರ ತರಬೇತಿ) ಎಂದರೆ ಕರಾವಳಿಯವರು ಘಟ್ಟ ಹತ್ತಿ ಮೈಸೂರು, ಬೆಂಗಳೂರು, ಧಾರವಾಡಕ್ಕೆ ಹೋಗಿ ವಾರಗಟ್ಟಲೆ ಹಾಸ್ಟೆಲಿನಲ್ಲಿರುವುದು. ಈಗ ಬಹಳಷ್ಟು ಆನ್‌ಲೈನ್. ಅನುಕೂಲ ಹೌದು, ಆದರೆ ಪರೀಕ್ಷಾ ಮೇಲ್ವಿಚಾರಣೆಯ ನಡುವೆ ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಜರಿಯ ಗೂಗಲ್ ಫಾರ್ಮ್ ಯಾವಾಗ ಬರುತ್ತದೆಂದು ಕಾಯುವುದನ್ನು ತರಬೇತಿ ಎನ್ನಲಾಗದು. ಒಂದು ಕಾರ್ಯಕ್ರಮ ಸೇರಬೇಕೋ ಬೇಡವೋ ಎಂದು ನಿರ್ಧರಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯಲ್ಲಿ ನಾವೇನಾದರೂ ಮಾಡಿ ಒಪ್ಪಿಸಬೇಕೇ? ಪಾಠದ ಯೋಜನೆ, ಪ್ರಶ್ನೆಪತ್ರಿಕೆ, ಹತ್ತು ನಿಮಿಷದ ಪಾಠ ಮಾಡಿ ತೋರಿಸುವುದು, ಏನಾದರೂ. ಬರೀ ಕೇಳುವುದಷ್ಟೇ ಇದ್ದರೆ ಪ್ರಮಾಣಪತ್ರ ಮಾತ್ರ ಮನೆಗೆ ಬರುತ್ತದೆ.

ಪದೋನ್ನತಿಯ ಮೊದಲ ಮೆಟ್ಟಿಲಿನ, ಅಂದರೆ ವೇತನದ ಹತ್ತನೇ ಹಂತದಿಂದ ಹನ್ನೊಂದಕ್ಕೆ ಏರುವ, ಲೆಕ್ಕ ಹೀಗಿದೆ. ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷದ ಸೇವೆ, ಎಂಫಿಲ್‌ಗೆ ಐದು, ಎರಡೂ ಇಲ್ಲದವರಿಗೆ ಆರು. 21 ದಿನದ ಓರಿಯಂಟೇಶನ್ ಬೇಕು. ಅದರ ಮೇಲೆ ಒಂದು ರಿಫ್ರೆಶರ್ ಅಥವಾ ಸಂಶೋಧನಾ ವಿಧಾನದ ಕೋರ್ಸು, ಇಲ್ಲವೇ ಕನಿಷ್ಠ ಒಂದು ವಾರದ ಕಾರ್ಯಾಗಾರ, ಇಲ್ಲವೇ ಪ್ರಮಾಣಪತ್ರ ಸಿಗುವ ಮೂಕ್, ಅಂದರೆ ಎಲ್ಲರಿಗೂ ತೆರೆದ ಆನ್‌ಲೈನ್, ಕೋರ್ಸು. ಎಡವುವುದು ಎಲ್ಲಿ ಅಂದರೆ, ಎರಡು ದಿನದ ವಿಚಾರಸಂಕಿರಣ ಮೂರನ್ನು ಕೂಡಿಸಿ ಆರು ದಿನ ಆಯಿತೆಂದುಕೊಳ್ಳುವುದು. ಅದು ನಡೆಯುವುದಿಲ್ಲ. ಅರ್ಹತೆಯ ದಿನಾಂಕ ದಾಟಿದ ಮೇಲೆ ಕೋರ್ಸು ಮುಗಿಸುವುದು ಇನ್ನೊಂದು. ಆಗ ಪದೋನ್ನತಿಯ ದಿನಾಂಕವೂ ಮುಂದಕ್ಕೆ ಹೋಗುತ್ತದೆ. ಪ್ರಮಾಣಪತ್ರದ ಇನಿಶಿಯಲ್ ಸೇವಾ ಪುಸ್ತಕಕ್ಕೆ ಹೊಂದದಿರುವುದು, ಪ್ರಾಂಶುಪಾಲರ ಪೂರ್ವಾನುಮತಿಯ ಪತ್ರ ತೆಗೆದಿಟ್ಟುಕೊಳ್ಳದಿರುವುದು, ಇವೂ ತೊಂದರೆ ಕೊಡುತ್ತವೆ. ಅತಿಥಿ ಉಪನ್ಯಾಸಕರಿಗೆ ಈ ಏಣಿಯೇ ಇಲ್ಲ. ಎರಡು ಕಾಲೇಜುಗಳ ನಡುವೆ ಓಡಾಡುವ ಅವರನ್ನು ಹೊರಗಿಟ್ಟು ಅಧ್ಯಾಪಕರ ಕ್ಷೇಮದ ಬಗ್ಗೆ ಮಾತಾಡುವುದು ಅಷ್ಟೊಂದು ಮರ್ಯಾದೆಯ ವಿಷಯವಲ್ಲ.

ಕಡಿಮೆ ದುಡ್ಡಿನಲ್ಲಿ ಹೆಚ್ಚು ಕಲಿಸುವುದು ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸುಗಳ ಎನ್‌ಪಿಟಿಇಎಲ್. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬೇಕೆಂದರೆ ಮಾತ್ರ ಕಟ್ಟಬೇಕು. ಅಂಕಗಳಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಎಂಟು ವಾರದ ಕೋರ್ಸಿನಲ್ಲಿ ಉತ್ತಮವಾದ ಆರು ಅಸೈನ್‌ಮೆಂಟು ಲೆಕ್ಕಕ್ಕೆ ಬರುವುದರಿಂದ ಎರಡು ತಪ್ಪಿದರೂ ನಡೆಯುತ್ತದೆ. ವಾರಕ್ಕೆ ನಾಲ್ಕು ಗಂಟೆ ಬೇಕು, ಬಿಟ್ಟುಹೋಗುವವರು ಸಾಮಾನ್ಯವಾಗಿ ನಾಲ್ಕನೇ ಐದನೇ ವಾರದಲ್ಲಿ, ಮೊದಲ ಇಂಟರ್ನಲ್ ಬಂದಾಗ. ಆ ಸೆಮಿಸ್ಟರಿನಲ್ಲಿ ಕಲಿಸುತ್ತಿರುವ ವಿಷಯದ್ದೇ ಕೋರ್ಸು ಆರಿಸಿಕೊಂಡರೆ ವಿಡಿಯೋ ನೋಡಿದ ಹೊತ್ತು ತಯಾರಿಯ ಲೆಕ್ಕಕ್ಕೂ ಬೀಳುತ್ತದೆ. ಬಸ್ಸಿನ ಹದಿನೆಂಟು ಗಂಟೆಯಲ್ಲಿ ಕಣ್ಣು ಮುಚ್ಚಿ ಕೇಳಲೂಬಹುದು.

ಎಲ್ಲ ಕೋರ್ಸಿಗಿಂತ ಅಗ್ಗದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕಲಿಸುವುದು, ಸಹೋದ್ಯೋಗಿಯೊಬ್ಬರನ್ನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸುವುದು. ಅವರು ಒಂದೇ ಸಂಗತಿ ಗಮನಿಸಲಿ: ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಸೆಕೆಂಡು ಕಾಯುತ್ತೀರಿ? ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನು ಅಳೆದಾಗ ಶಿಕ್ಷಕರು ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳು ಕಡಿಮೆಯಾದರು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಯೋಚಿಸಿ ಮತ್ತೆ ಇಂಗ್ಲಿಷಿಗೆ ತರಬೇಕಾದ ನಮ್ಮ ಮಕ್ಕಳಿಗೆ ಐದು ಸೆಕೆಂಡಾದರೂ ಬೇಕು. ಕಾಯುವಾಗ ನಿಮ್ಮ ಗಂಟಲಿಗೂ ವಿಶ್ರಾಂತಿ. ಆ ದಿನವೇ ಚಹಾದ ಹೊತ್ತಿಗೆ ಹದಿನೈದು ನಿಮಿಷ ಕೂತು ಮಾತಾಡಿ ಮುಗಿಸಿ. ಬರೆದ ಚೀಟಿ ಯಾವ ಕಡತಕ್ಕೂ ಹೋಗಬಾರದು. ಪ್ರಾಂಶುಪಾಲರ ಮೇಜಿಗೆ ಹೋದರೆ ಅದು ತಪಾಸಣೆ, ಮರುದಿನದಿಂದ ಯಾರೂ ಬಾಗಿಲು ತೆರೆಯುವುದಿಲ್ಲ.

ಲೇಖನ ಪ್ರಕಟಣೆಯ ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ಯುಜಿಸಿ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ನಿಲ್ಲಿಸಿದ ಮೇಲೆ ಪತ್ರಿಕೆಯ ಯೋಗ್ಯತೆ ಅಳೆಯುವ ಹೊಣೆ ಸಂಸ್ಥೆಗಳಿಗೂ ಬರೆಯುವವರಿಗೂ ಬಂದಿದೆ. ಮೂರು ದಿನದಲ್ಲಿ ಸ್ವೀಕೃತಿ ಕೊಟ್ಟು ನಾಲ್ಕನೇ ದಿನ ಹಣ ಕೇಳುವುದನ್ನು ದೂರವಿಡಿ. ಪತ್ರಿಕೆಯ ಗುರುತಿನ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಅದರದೇ ಪೋರ್ಟಲಿನಲ್ಲಿ ಹಾಕಿ ಹೆಸರು ತಾಳೆ ನೋಡಿ. ಸಂಶೋಧನಾ ಪತ್ರಿಕೆಗಳ ಸೂಚಿಯಾದ ಸ್ಕೋಪಸ್‌ನಲ್ಲಿದೆ ಎಂದರೆ ಸ್ಕೋಪಸ್‌ನ ಪಟ್ಟಿಯಲ್ಲೇ ಹುಡುಕಿ. ಕೈಬಿಟ್ಟ ಪತ್ರಿಕೆಗಳೂ ಹಳೆಯ ಲಾಂಛನವನ್ನು ಜಾಲತಾಣದಲ್ಲಿ ಉಳಿಸಿಕೊಂಡಿರುತ್ತವೆ. ಸಂಪಾದಕ ಮಂಡಳಿಯ ಒಬ್ಬರಿಗೆ ಇಮೇಲ್ ಮಾಡಿದರೂ ಸಾಕು, ಎಷ್ಟೋ ಸಲ ತಾನು ಆ ಮಂಡಳಿಯಲ್ಲಿರುವುದು ಅವರಿಗೇ ಗೊತ್ತಿರುವುದಿಲ್ಲ.

ಕೊನೆಗೆ ಕಡತ. ನ್ಯಾಕ್‌ನ ಮಾನದಂಡಗಳಿಗೂ ಪದೋನ್ನತಿಗೂ ಕೇಳುವ ಕಾಗದಗಳು ಬಹುಪಾಲು ಒಂದೇ. ಕಾರ್ಯಕ್ರಮ ಮುಗಿದ ದಿನವೇ ಹದಿನೈದು ನಿಮಿಷ ಕೊಟ್ಟು ಆಹ್ವಾನಪತ್ರ, ಹಾಜರಿ ಹಾಳೆ, ಜಾಗದ ಗುರುತು ಬೀಳುವ ಫೋಟೋ ಎರಡು, ಅರ್ಧ ಪುಟದ ವರದಿ, ಇವನ್ನು ವರ್ಷ-ತಿಂಗಳು-ದಿನ ಎಂದು ಹೆಸರಿಟ್ಟು ಒಂದು ಫೋಲ್ಡರಿಗೆ ಹಾಕಿ. ಮೂರು ವರ್ಷದ ಬಳಿಕ ಹುಡುಕಲು ಹೊರಟರೆ ಮೂರು ದಿನ ಹೋಗುತ್ತದೆ. ಮೂಲ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡುವವರು ನಮ್ಮಲ್ಲಿ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೊಟ್ಟೆಯೊಳಗಿನ ತೇವ ಹೊರಗೆ ಹೋಗದೆ ಶಾಯಿ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಸೀಲಿನ ಮೇಲೆ ಬೂಷ್ಟು ಬರುತ್ತದೆ. ಮೇ ತಿಂಗಳ ಬಿಸಿಲಿರುವಾಗಲೇ ಒಮ್ಮೆ ನೆರಳಿನಲ್ಲಿ ಗಾಳಿಗೆ ಹರಡಿ, ಕಾಗದದ ಲಕೋಟೆಗೆ ಬದಲಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಪೊಟ್ಟಣ ನಾಲ್ಕು ಹಾಕಿ ಮುಚ್ಚಿ. ಗೋಡೆಯಿಂದ ಒಂದು ಗೇಣು ದೂರ ಇಡಿ.